ಕೃತಜ್ಞತೆಯ ಪುಟದಲ್ಲಿ ಭದ್ರಾವತಿ ಎಲ್ಲಿದೆ?

ಕಳೆದ ತಿಂಗಳು ನನ್ನ ಚಿಕ್ಕಮ್ಮನ ಮಗ ಯುರೋಪಿನಿಂದ ಒಂದು ಪುಟ ಕಳಿಸಿದ. ಭದ್ರಾವತಿಯ ಹುಡುಗ. ಬೆಂಗಳೂರಿನಲ್ಲಿ ಚಿತ್ರಕಲೆ ಓದಿ, ಸ್ಕಾಲರ್‌ಶಿಪ್ ಸಿಕ್ಕಿ, ಸ್ನಾತಕೋತ್ತರ ಪದವಿಗೆಂದು ಅಲ್ಲಿಗೆ ಹೋದವನು. ಕೊನೆಯ ವರ್ಷದ ಪ್ರದರ್ಶನಕ್ಕೆ ಒಂದು ಪುಸ್ತಿಕೆ ಅಚ್ಚಾಗುತ್ತಿದೆಯಂತೆ, ಪ್ರತಿಯೊಬ್ಬ ವಿದ್ಯಾರ್ಥಿಯ ತಾಯ್ನುಡಿಯಲ್ಲೂ ಒಂದೊಂದು ಪುಟ ಇರುತ್ತದಂತೆ. ‘ಅಕ್ಕಾ, ಇದನ್ನ ಒಳ್ಳೆ ಕನ್ನಡಕ್ಕೆ ಮಾಡಿಕೊಡು. ನನ್ನ ಕನ್ನಡ ಈಗ ವಾಟ್ಸಾಪಿಗಷ್ಟೇ ಸಾಕು’ ಎಂದು ಕೆಳಗೆ ಬರೆದಿದ್ದ.

ಪುಟದ ತುಂಬ ಕೃತಜ್ಞತೆ. ಅದೂ ಒಬ್ಬರಿಗೇ, ಅಲ್ಲಿನ ಅವನ ಪ್ರೊಫೆಸರಿಗೆ. ‘ನನಗೆ ನೋಡುವುದನ್ನು ಕಲಿಸಿದವರು ನೀವು’ ಎಂದು ಮೊದಲ ಸಾಲು. ‘ಬೆಂಗಳೂರಿನ ಹತ್ತಿರದ ಒಂದು ಕಾರ್ಖಾನೆ ಊರಿನಿಂದ ಬಂದ ನನಗೆ ವಸ್ತುಗಳಿಗೂ ನೆನಪಿರುತ್ತದೆ ಎಂದು ತಿಳಿದದ್ದು ನಿಮ್ಮಿಂದ’ ಎಂದು ಎರಡನೆಯದು. ನಾನು ಎರಡನೇ ಸಾಲಿಗೇ ನಿಂತೆ. ಭದ್ರಾವತಿಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್. ಅಷ್ಟು ದೂರ ‘ಹತ್ತಿರ’ವಾಗುವುದು ಯುರೋಪಿನಿಂದ ನೋಡಿದಾಗ ಮಾತ್ರ.

ಆದರೆ ನನ್ನ ತಕರಾರು ಭೂಗೋಳದ್ದಲ್ಲ. ಮೊದಲ ಸಾಲು ನಿಜವಲ್ಲ ಎಂಬುದು ನನಗೆ ಗೊತ್ತಿದೆ. ಇವನಿಗೆ ನೋಡುವುದನ್ನು ಕಲಿಸಿದವರು ಹಳೇನಗರದಲ್ಲಿ ಒಂದೂವರೆ ಕೋಣೆಯ ಅಂಗಡಿ ಇಟ್ಟುಕೊಂಡು ಬೋರ್ಡ್ ಬರೆಯುತ್ತಿದ್ದ ಮೇಷ್ಟ್ರು. ಮೇಷ್ಟ್ರು ಅಂದರೆ ಶಾಲೆಯವರಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು ಅಷ್ಟೆ. ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಇವನ ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆಯಿತು. ತಗಡಿಗೆ ಪ್ರೈಮರ್ ಹೊಡೆಯುವುದು, ಸೀಮೆಸುಣ್ಣದ ದಾರ ಚಿಮ್ಮಿ ಗೆರೆ ಹಾಕುವುದು, ಬ್ರಷ್ ತೊಳೆಯುವುದು. ಬೇಸಿಗೆಯಲ್ಲಿ ಭದ್ರಾವತಿಗೆ ಹೋದಾಗ ನಾನೂ ಅಲ್ಲಿ ಕೂತು ನೋಡಿದ್ದೇನೆ. ಮೇಷ್ಟ್ರು ಅವನಿಗೆ ಹೇಳುತ್ತಿದ್ದ ಒಂದು ಮಾತು ನನಗೆ ಈಗಲೂ ನೆನಪಿದೆ: ‘ಅಕ್ಷರ ನೋಡಬೇಡ, ಎರಡು ಅಕ್ಷರದ ಮಧ್ಯದ ಜಾಗ ನೋಡು. ಅದು ಸರಿಯಾದ್ರೆ ಅಕ್ಷರ ತಾನೇ ಸರಿಯಾಗುತ್ತೆ.’ ಬರೆದು ಮುಗಿದ ಮೇಲೆ ರಸ್ತೆ ದಾಟಿಸಿ ಆಚೆ ಬದಿಯಿಂದ ಓದಿಸುತ್ತಿದ್ದರು. ಕಣ್ಣು ಕಿರಿದು ಮಾಡಿ ಓದು, ಚಷ್ಮಾ ಇಲ್ಲದ ಮುದುಕನ ಹಾಗೆ ಓದು, ಬಸ್ಸಿನಲ್ಲಿ ಹೋಗುವವನ ಹಾಗೆ ಓದು. ಇದು ನೋಡುವ ಶಿಕ್ಷಣವಲ್ಲದಿದ್ದರೆ ಇನ್ನೇನು? ಆಮೇಲೆ ಫ್ಲೆಕ್ಸ್ ಬಂತು, ಅಂಗಡಿ ಮುಚ್ಚಿತು. ಮೇಷ್ಟ್ರು ಈಗ ಮಗಳ ಮನೆಯಲ್ಲಿದ್ದಾರೆ.

ಪುಟದಲ್ಲಿ ಅವರಿಲ್ಲ. ಚಿಕ್ಕಪ್ಪ ಚಿಕ್ಕಮ್ಮನೂ ‘ನನ್ನ ಕುಟುಂಬ’ ಎಂಬ ಒಂದೇ ಪದದಲ್ಲಿ ಮುಗಿದಿದ್ದಾರೆ.

ಶಿವಮೊಗ್ಗ ಜಿಲ್ಲೆಯವರಿಗೆ ಈ ಬಗೆಯ ಪುಟ ಹೊಸದಲ್ಲ. ಹೊರದೇಶದ ಗುರು ನಮ್ಮ ಹುಡುಗನ ಕಣ್ಣು ತೆರೆಸಿದ ಕತೆಗಳನ್ನು ಕೇಳಿಯೇ ನಾವು ಬೆಳೆದದ್ದು. ಭಾಷಣ ಸ್ಪರ್ಧೆಯಲ್ಲಿ ನಾನೇ ಹೇಳಿ ಲೋಟ ಗೆದ್ದ ಕತೆ: 1924, ಮೈಸೂರು. ಓದಲೆಂದು ಕುಪ್ಪಳಿಯಿಂದ ಬಂದ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಐರಿಶ್ ಕವಿ ಜೇಮ್ಸ್ ಕಸಿನ್ಸರ ಬಳಿ ಹೋಗುತ್ತಾನೆ. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನ ಎರಡು ವರ್ಷದ ಹಿಂದೆಯೇ ಅಚ್ಚಾಗಿದೆ. ಕಸಿನ್ಸ್ ನಿನ್ನ ಭಾಷೆಯಲ್ಲಿ ಬರೆ ಎನ್ನುತ್ತಾರೆ. ಕುವೆಂಪು ಇದನ್ನು ‘ನೆನಪಿನ ದೋಣಿಯಲ್ಲಿ’ ಹೇಳಿಕೊಂಡಿದ್ದಾರೆ. ನಾವು ವೇದಿಕೆಯ ಮೇಲೆ ಅದನ್ನು ಹೇಳುವುದು ಮಾತ್ರ ಬೇರೆ ಥರ. ಕಸಿನ್ಸ್ ಇಲ್ಲದಿದ್ದರೆ ಕುವೆಂಪು ಇಲ್ಲ, ಕುವೆಂಪು ಇಲ್ಲದಿದ್ದರೆ ‘ಶ್ರೀ ರಾಮಾಯಣ ದರ್ಶನಂ’ ಇಲ್ಲ ಎಂದು ಒಂದರ ಮೇಲೊಂದು ಪೇರಿಸುತ್ತೇವೆ, ಚಪ್ಪಾಳೆ ಬೀಳುತ್ತದೆ. ಕಸಿನ್ಸರ ಋಣ ದೊಡ್ಡದೇ, ಅನುಮಾನ ಬೇಡ. ಆದರೆ ಅವರು ಕನ್ನಡದಲ್ಲಿ ಬರೆ ಎಂದು ಹೇಳಬಲ್ಲವರಾಗಿದ್ದರೇ ಹೊರತು ಕನ್ನಡವನ್ನು ಕೊಡಬಲ್ಲವರಾಗಿರಲಿಲ್ಲ. ಅದು ಕುಪ್ಪಳಿ ಮನೆಯಲ್ಲಿ ಕೇಳಿಸಿಕೊಂಡ ಜೈಮಿನಿ ಭಾರತ, ತೊರವೆ ರಾಮಾಯಣಗಳಿಂದ ಬಂದದ್ದು. ಹಾಗೆ ಓದಿ ಹೇಳುತ್ತಿದ್ದವರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮ ಭಾಷಣ ಸ್ಪರ್ಧೆಯ ಮಕ್ಕಳಿಗೆ ಯಾರಾದರೂ ಕಲಿಸಿದ್ದಾರೆಯೆ?

ಇನ್ನೊಂದು ಗಮನಿಸಿ. ಕಸಿನ್ಸ್ ಮಾಡಿದ್ದು ಬಾಗಿಲು ತೆರೆಯುವ ಕೆಲಸವಲ್ಲ, ಮುಚ್ಚುವ ಕೆಲಸ. ಇಂಗ್ಲಿಷಿನ ಬಾಗಿಲನ್ನು ತಾನೇ ಒಳಗಿನಿಂದ ಮುಚ್ಚಿ, ನಿನ್ನ ಮನೆ ಅತ್ತ ಇದೆ ಎಂದರು. ಇವತ್ತು ಹಾಗೆ ಹೇಳಿದ ಗುರುವಿಗೆ ಯಾರು ಥ್ಯಾಂಕ್ಸ್ ಪುಟ ಬರೆಯುತ್ತಾರೆ?

ಎರಡನೇ ಕತೆ ಮೇಳಿಗೆಯ ಹುಡುಗನದ್ದು. 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿ ಅಲ್ಲಿ ತಮ್ಮ ಅಧ್ಯಾಪಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿಯ ಜೊತೆ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ನೋಡಿದರು. ಅದರಿಂದ 1965ರಲ್ಲಿ ‘ಸಂಸ್ಕಾರ’ ಬಂತು. ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಈ ಕತೆ ಬಾಯಿಪಾಠ. ಅನಂತಮೂರ್ತಿಯವರೇ ಎಷ್ಟೋ ಸಂದರ್ಶನಗಳಲ್ಲಿ ಉಪಕಾರಸ್ಮರಣೆಯಿಂದ ಇದನ್ನು ಹೇಳಿದ್ದಾರೆ. ಆದರೆ ಅವರು ಹೇಳಿದ್ದನ್ನು ಗಮನವಿಟ್ಟು ಕೇಳಿ. ಸಿನಿಮಾ ಮುಗಿದ ಮೇಲೆ ಶಿಷ್ಯ ಗುರುವಿಗೆ ಹೇಳಿದ್ದು ಹೆಚ್ಚುಕಡಿಮೆ ಇಷ್ಟು: ನಿಮ್ಮ ಮಧ್ಯಯುಗವನ್ನು ನೀವು ಓದಿನಿಂದ ಕಟ್ಟಿಕೊಳ್ಳಬೇಕು, ನಮ್ಮಲ್ಲಿ ಅದು ಬದುಕಿರುವ ನೆನಪು. ಹಾಗಿದ್ದರೆ ಅದನ್ನು ಬರೆ ಎಂದರು ಬ್ರಾಡ್‌ಬರಿ. ಅಂದರೆ ಕೃತಿಯ ಬೀಜ ಇರುವುದು ಶಿಷ್ಯ ಒಪ್ಪದೆ ಹೋದ ಜಾಗದಲ್ಲಿ, ನನ್ನ ಬಳಿ ಇರುವುದು ನಿಮ್ಮ ಬಳಿ ಇಲ್ಲ ಎಂದು ಹೇಳಿದ ಜಾಗದಲ್ಲಿ. ಗುರುವಿನ ದೊಡ್ಡತನ ಅದನ್ನು ಕೇಳಿಸಿಕೊಂಡದ್ದರಲ್ಲಿದೆ. ನಾವು ಕತೆಯನ್ನು ತಿರುಗಿಸಿ, ಬ್ರಾಡ್‌ಬರಿ ತೋರಿಸಿದರು, ಅನಂತಮೂರ್ತಿ ಕಂಡರು ಎಂದು ಮಾಡಿಕೊಂಡಿದ್ದೇವೆ. ತೀರ್ಥಹಳ್ಳಿಯ ಅಗ್ರಹಾರ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಗೆಳೆತನ ಇವೆಲ್ಲ ಆ ಮಾತನ್ನು ಆಡುವ ಧೈರ್ಯ ಕೊಟ್ಟಿದ್ದವು ಎಂಬುದು ಕತೆಯ ಹೊರಗೇ ಉಳಿಯುತ್ತದೆ. ಅನಂತಮೂರ್ತಿ ಮರೆಯಲಿಲ್ಲ. ಗೋಪಾಲಗೌಡರ ಬದುಕನ್ನು ನೆನಪಿಸುವ ‘ಅವಸ್ಥೆ’ ಬರೆದರು. ಮರೆತವರು ಕತೆ ಹೇಳುವ ನಾವು.

ಮೈಸೂರಿನ ಸಿ. ಡಿ. ನರಸಿಂಹಯ್ಯನವರನ್ನೂ ಇಲ್ಲಿ ನೆನೆಯಬಹುದು. ಕೇಂಬ್ರಿಜ್‌ನಲ್ಲಿ ಎಫ್. ಆರ್. ಲೀವಿಸ್‌ರ ಶಿಷ್ಯರಾಗಿದ್ದವರು, ಕೊನೆಯವರೆಗೂ ಗುರುವನ್ನು ಬಿಡಲಿಲ್ಲ. ಆದರೂ ತಾವು ಕಟ್ಟಿದ ಸಂಸ್ಥೆಗೆ ‘ಧ್ವನ್ಯಾಲೋಕ’ ಎಂದು ಆನಂದವರ್ಧನನ ಗ್ರಂಥದ ಹೆಸರಿಟ್ಟರು. ಅವರ ಬಗ್ಗೆ ಜಗಳಕ್ಕೆ ಬೇರೆ ಕಾರಣಗಳಿವೆ, ಇಲ್ಲಿ ಬೇಡ.

ಈಗ ನಮ್ಮೂರಿನವರೇ ಹೇಳದ ಕತೆಗೆ ಬರುತ್ತೇನೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಇವತ್ತು ಜಗತ್ತಿನ ದೊಡ್ಡ ಕಲಾ ಸಂಗ್ರಹಾಲಯಗಳಲ್ಲಿ ಕೆಲಸಗಳಿರುವ ಕನ್ನಡ ನಾಡಿನ ಕಲಾವಿದರನ್ನು ಬೆರಳಲ್ಲಿ ಎಣಿಸಿದರೆ ಮೊದಲ ಬೆರಳು ಅವರದ್ದು. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ವಾರಕ್ಕೆರಡು ಸಲ ಓಡಾಡುವ ನಾನು ಕಲಾ ಕಾಲೇಜಿನ ಹುಡುಗರನ್ನೂ ಸೇರಿಸಿ ಹಲವರನ್ನು ಕೇಳಿದ್ದೇನೆ, ಹೆಸರು ಕೇಳಿದವರು ಇಬ್ಬರು. ಆ ಇಬ್ಬರೂ ಹೇಳಿದ್ದು ಒಂದೇ: ‘ಲಂಡನ್ನಿನಲ್ಲಿ ಕಲಿತವರಲ್ವಾ?’

ಹೌದು. 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಚಿತ್ರಕಲೆಯಲ್ಲಿ ಎಂ.ಎ. ಅದಕ್ಕೂ ಮೊದಲು ಏನಾಗಿತ್ತು? ಬೆಂಗಳೂರಿನ ಕೆನ್ ಕಲಾಶಾಲೆ. ಬಾದಾಮಿ ಕಡೆಯಿಂದ ಬಂದ ಆರ್. ಎಂ. ಹಡಪದ ಎಂಬ ಮೇಷ್ಟ್ರು ಕಟ್ಟಿ, ಹಣವಿಲ್ಲದೆ ಹಟದಿಂದಲೇ ನಡೆಸಿದ ಶಾಲೆ. ಕರ್ನಾಟಕದ ಒಂದಿಡೀ ತಲೆಮಾರಿನ ಕಲಾವಿದರು ಅಲ್ಲಿ ಕಲಿತವರು. ಆಮೇಲೆ ಶಾಂತಿನಿಕೇತನ, ಅಲ್ಲಿ ಕೆ. ಜಿ. ಸುಬ್ರಮಣ್ಯನ್. ಅವರು ಸ್ವತಃ 1950ರ ದಶಕದಲ್ಲಿ ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಕಲಿತು ಬಂದು, ಈ ದೇಶದ ಕುಂಬಾರ, ನೇಕಾರ, ಬೊಂಬೆ ಮಾಡುವವನ ಕೆಲಸದಲ್ಲೇ ಆಧುನಿಕ ಕಲೆಯ ಪಾಠವಿದೆ ಎಂದು ಬದುಕಿಡೀ ವಾದಿಸಿದವರು. ಲಂಡನ್ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಲಂಡನ್ನಿನ ಮೇಲೂ ಒಂದು ‘ಆಮೇಲೆ’ ಇದೆ. ಅದೇ ಮುಖ್ಯವಾದದ್ದು. ತೊಂಬತ್ತರ ದಶಕದ ಮೊದಲಲ್ಲಿ, ದೇಶ ಕೋಮುಗಲಭೆಗಳಲ್ಲಿ ಉರಿಯುತ್ತಿದ್ದಾಗ, ಶೀಲಾ ಗೌಡ ಎಣ್ಣೆಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. ಪೂಜೆಗೂ ಬರುವ, ಒಲೆಗೂ ಬರುವ, ಹೆಂಗಸರ ಕೈಗೆ ಅಂಟಿಕೊಂಡೇ ಇರುವ, ರಾಜಕೀಯದ ಬಾಯಲ್ಲಿ ಪವಿತ್ರವಾಗಿಬಿಟ್ಟ ಸಗಣಿ. ಆಮೇಲೆ ಸೂಜಿ, ದಾರ, ಕುಂಕುಮ. ಆಮೇಲೆ ಡಾಂಬರು ಡ್ರಮ್ಮು. ದೃಷ್ಟಿ ತಾಗದಿರಲೆಂದು ಗಾಡಿಯವರು ಬಂಪರಿಗೆ ಕಟ್ಟುವ ಕೂದಲ ಹಗ್ಗವನ್ನು ನಾವೆಲ್ಲ ನೋಡಿದ್ದೇವೆ. ಅಂಥ ಹಗ್ಗವನ್ನು ಸುಮಾರು ನಾಲ್ಕು ಸಾವಿರ ಮೀಟರಿನಷ್ಟು ತಂದು, ಅದರಲ್ಲಿ ಉಕ್ಕಿನ ಬಂಪರುಗಳನ್ನು ತೂಗುಹಾಕಿದ ‘ಬಿಹೋಲ್ಡ್’ 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡಿತು. ಇದರಲ್ಲಿ ಯಾವುದನ್ನು ಲಂಡನ್ ಕೊಟ್ಟಿತು? ಏನೂ ಕೊಡಲಿಲ್ಲ ಎಂದು ನಾನು ಹೇಳುತ್ತಿಲ್ಲ. ದೂರದಿಂದ ನೋಡುವ ಅಳತೆಯನ್ನು ಕೊಟ್ಟಿರಬಹುದು. ಆದರೆ ನಮ್ಮ ಪತ್ರಿಕೆ, ಕ್ಯಾಟಲಾಗು, ಪರಿಚಯ ಭಾಷಣಗಳಲ್ಲಿ ‘ಲಂಡನ್ನಿನಲ್ಲಿ ತರಬೇತಾದ’ ಎಂಬ ವಿಶೇಷಣ ಮೊದಲು ಬರುತ್ತದೆ, ಹಡಪದರ ಹೆಸರು ಬಂದರೆ ಕಂಸದೊಳಗೆ ಬರುತ್ತದೆ.

ನೀರು ಇಳಿಜಾರಿಗೆ ಹರಿಯುತ್ತದೆ, ನಮ್ಮ ಕೃತಜ್ಞತೆ ಮಾತ್ರ ಏರಿಗೆ ಹರಿಯುತ್ತದೆ. ನನ್ನ ಆಕ್ಷೇಪ ಇಷ್ಟೇ. ಯಾರ ಹೆಸರು ಬರೆದರೆ ನಾಳೆ ಇನ್ನೊಂದು ಊರಿನಲ್ಲಿ ಬಾಗಿಲು ತೆರೆಯುತ್ತದೋ ಅವರಿಗೆ ನಾವು ಋಣಿಗಳು, ಯಾರ ಹೆಸರಿಗೆ ಪೇಟೆಯಲ್ಲಿ ಬೆಲೆಯಿಲ್ಲವೋ ಅವರು ‘ನನ್ನ ಕುಟುಂಬ ಮತ್ತು ಸ್ನೇಹಿತರು’. ಕಸಿನ್ಸ್, ಬ್ರಾಡ್‌ಬರಿಯ ಕತೆಗಳ ತಿರುಳಿನಲ್ಲಿ ಇರುವುದು ಒಂದು ಮಾತುಕತೆ. ಇವತ್ತಿನ ಪುಟಗಳ ತಿರುಳಿನಲ್ಲಿ ಇರುವುದು ಶಿಫಾರಸು ಪತ್ರ.

ಈ ವಾದದ ಅರ್ಧವನ್ನು ಶಿವಮೊಗ್ಗದ ಒಂದು ವಿಚಾರಸಂಕಿರಣದಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತು ನನ್ನನ್ನು ಹೊಗಳಿಬಿಟ್ಟರು. ‘ಅದಕ್ಕೇ ಹೇಳೋದಮ್ಮ, ಹೊರಗಿನವರ ದಾಸ್ಯ ಸಾಕು, ನಮ್ಮ ಗುರುಪರಂಪರೆ ಏನು ಕಮ್ಮಿ?’ ಎಂದರು. ನನಗೆ ಆ ಬೆಂಬಲ ಬೇಡ. ನಮ್ಮ ಗುರುಪರಂಪರೆ ಎಂಥದ್ದೆಂದು ನನ್ನ ತಮ್ಮನಿಗೆ ಗೊತ್ತಿದೆ. ಪದವಿ ಓದುವಾಗ ಅವನ ಮೇಷ್ಟ್ರೊಬ್ಬರು ಚಿತ್ರಗಳ ಫೋಲ್ಡರ್ ಬಿಚ್ಚುವ ಮೊದಲು ‘ನೀವು ಯಾವ ಪೈಕಿ?’ ಎಂದು ಕೇಳಿದ್ದರು. ಇನ್ನೊಬ್ಬರು ಮಗಳ ಮದುವೆಗೆ ಮಂಟಪದ ಹಿನ್ನೆಲೆ ಬರೆಸಿಕೊಂಡು, ಬಣ್ಣದ ದುಡ್ಡನ್ನೂ ಕೊಡಲಿಲ್ಲ. ಅದೇ ಅಲ್ಲಿನ ಪ್ರೊಫೆಸರ್ ಮೊದಲ ದಿನ ಒಂದು ಗಂಟೆಗೂ ಹೆಚ್ಚು ಹೊತ್ತು ಅವನ ಎದುರು ಕೂತು ಒಂದೊಂದೇ ಹಾಳೆ ತಿರುವಿ ನೋಡಿದರಂತೆ. ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ಕೇಳಿದರಂತೆ. ‘ನನ್ನ ಕೆಲಸಾನ ಯಾರಾದ್ರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು ಅಕ್ಕ’ ಎಂದಿದ್ದ ಆ ರಾತ್ರಿ ಫೋನಿನಲ್ಲಿ. ಅವನ ದನಿ ನಡುಗುತ್ತಿತ್ತು. ಆ ಕೃತಜ್ಞತೆಯನ್ನು ದಾಸ್ಯ ಎನ್ನುವವರ ಜೊತೆ ನಾನು ಒಂದೇ ಬೆಂಚಿನಲ್ಲಿ ಕೂರಲಾರೆ. ಒಂದು ಗಂಟೆ ಹೊತ್ತು ಹುಡುಗನ ಚಿತ್ರ ನೋಡುವ ವ್ಯವಧಾನವಿಲ್ಲದ ನಾವು ಆಮೇಲೆ ಅವನು ಯಾರಿಗೆ ಕೈಮುಗಿದ ಎಂದು ಲೆಕ್ಕ ಕೇಳುವುದು ಯಾವ ನ್ಯಾಯ?

ಹಾಗಾದರೆ ನಾನು ಕೇಳುತ್ತಿರುವುದೂ ಅದೇ ಅಲ್ಲವೇ ಎನ್ನಬಹುದು. ಅಲ್ಲ. ನನ್ನನ್ನು ಕೆಣಕಿದ್ದು ಇನ್ನೊಂದು ಹಾಳೆ. ಪುಸ್ತಿಕೆಗೆ ಆ ಪ್ರೊಫೆಸರ್ ಬರೆದ ಮುನ್ನುಡಿಯನ್ನೂ ಅವನು ನನಗೆ ಕಳಿಸಿದ್ದ. ಇವನ ಕೆಲಸ ಏನೆಂದರೆ, ಕಾರ್ಖಾನೆಯ ಕಿಟ್ಟವನ್ನು ಪುಡಿಮಾಡಿ, ಊರಿನ ಮನೆಗಳಲ್ಲಿ ಅಟ್ಟದ ಮೇಲೆ ಉಳಿದಿದ್ದ ಪೇಪರ್ ಮಿಲ್ಲಿನ ಹಳೆಯ ಹಾಳೆಗಳ ಮೇಲೆ ಅಚ್ಚು ತೆಗೆಯುತ್ತಾನೆ. ಚೆನ್ನಾಗಿವೆ. ತಮ್ಮ ಎಂದು ಹೇಳುತ್ತಿಲ್ಲ. ಮುನ್ನುಡಿಯಲ್ಲಿ ಅದನ್ನು ‘ದಕ್ಷಿಣ ಭಾರತದ ಒಂದು ಸತ್ತ ಕೈಗಾರಿಕಾ ಪಟ್ಟಣದ ಅವಶೇಷ’ ಎಂದು ಕರೆಯಲಾಗಿದೆ. ಭದ್ರಾವತಿ ಎಂಬ ಹೆಸರಿಲ್ಲ. ಆ ಬಳಿಕ ಮೂರು ಪ್ಯಾರಾ ತಮ್ಮದೇ ವಿಭಾಗದಲ್ಲಿ ಇಂಥ ವಸ್ತುಗಳೊಡನೆ ಕೆಲಸ ಮಾಡಿದ ಹಿಂದಿನ ಶಿಷ್ಯರ ಪಟ್ಟಿ. ಇವನು ಆ ಸಾಲಿನ ಇತ್ತೀಚಿನವನು.

ಸತ್ತ ಪಟ್ಟಣ! ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು, ನಿಜ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಅದೂ ನಿಜ. ಆದರೆ ಆ ಸುದ್ದಿ ಬಂದಾಗ ಕಾರ್ಮಿಕರು ಸುಮ್ಮನಿರಲಿಲ್ಲ, ಬೀದಿಗಿಳಿದು ಹೋರಾಟಕ್ಕೆ ಕೂತರು. ಹದಿನೆಂಟು ವರ್ಷ ಗುತ್ತಿಗೆ ಕೆಲಸ ಮಾಡಿದ ನಮ್ಮ ಚಿಕ್ಕಪ್ಪ ಅಲ್ಲಿ ಕೂತವರಲ್ಲಿ ಒಬ್ಬರು. ಸತ್ತವರು ಧರಣಿ ಕೂರುವುದಿಲ್ಲ. ಇನ್ನೊಂದು ವಿಷಯ ಆ ಪ್ರೊಫೆಸರಿಗೆ ಗೊತ್ತಿರಬೇಕಾಗಿಲ್ಲ, ನನ್ನ ತಮ್ಮನಿಗೆ ಗೊತ್ತಿರಬೇಕಿತ್ತು. ಈ ಕಾರ್ಖಾನೆಯನ್ನು ಕಟ್ಟುವಾಗಲೂ ಹೊರದೇಶದ ಗುರುಗಳಿದ್ದರು, ಅಮೆರಿಕದ ತಜ್ಞರು. 1923ರಲ್ಲಿ ಉಸ್ತುವಾರಿ ವಹಿಸಿಕೊಂಡ ವಿಶ್ವೇಶ್ವರಯ್ಯನವರು ಅವರಿಂದ ಕಲಿಯಬೇಕಾದ್ದನ್ನು ಕಲಿತು, ಅವರ ಜಾಗದಲ್ಲಿ ಇಲ್ಲಿನವರನ್ನು ತಯಾರು ಮಾಡಿ ಕೂರಿಸಿದರು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟ ಇಳಿದು ಭದ್ರಾವತಿಗೆ ಬಂದು ಭದ್ರಾವತಿಯಲ್ಲೇ ಕಬ್ಬಿಣವಾಯಿತು. ಕಿಟ್ಟ ಈಗ ವಿಮಾನ ಹತ್ತಿ ಹೋಗಿ, ಅಲ್ಲಿ ಕಲೆಯಾಗಿ, ಹೆಸರಿಲ್ಲದ ಊರಿನದಾಗಿ ವಾಪಸು ಬರುತ್ತಿದೆ. ಇದಕ್ಕೆ ನಾವು ಧನ್ಯವಾದ ಬೇರೆ ಹೇಳಬೇಕು, ಅದನ್ನು ನಾನು ಒಳ್ಳೆ ಕನ್ನಡಕ್ಕೆ ಮಾಡಿಕೊಡಬೇಕು.

ಫೋನ್ ಮಾಡಿದೆ. ಅರ್ಧ ಕೇಳಿ ನಕ್ಕ.

‘ಅನುವಾದ ಮಾಡು ಅಂದ್ರೆ ವಿಮರ್ಶೆ ಮಾಡ್ತಿದ್ದೀಯಲ್ಲ ಅಕ್ಕ.’

‘ಮೇಷ್ಟ್ರ ಹೆಸರು ಯಾಕಿಲ್ಲ ಹೇಳು.’

‘ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ? ಇವರ ಹೆಸರು ಹಾಕಿದ್ರೆ ಮುಂದಿನ ರೆಸಿಡೆನ್ಸಿಗೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುತ್ತೆ. ನಿಂಗೆ ಗೊತ್ತಿಲ್ವಾ ಇದೆಲ್ಲ ಹೆಂಗೆ ನಡೆಯುತ್ತೆ ಅಂತ?’

‘ಸತ್ತ ಪಟ್ಟಣ ಅಂತ ಬರೆದಿದ್ದಾರಲ್ಲ, ಅಲ್ಲ ಅಂತ ಹೇಳಿದ್ಯಾ?’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ವೀಸಾ ಇರೋದು ಸೆಪ್ಟೆಂಬರ್‌ವರೆಗೆ ಅಕ್ಕ’ ಎಂದ.

ಅಲ್ಲಿಗೆ ನನ್ನ ವಾದದ ಅರ್ಧ ಗಾಳಿ ಹೋಯಿತು. ಅನಂತಮೂರ್ತಿ ಬ್ರಾಡ್‌ಬರಿಗೆ ಎದುರಾಡಬಲ್ಲವರಾಗಿದ್ದರು, ಮೈಸೂರಿಗೆ ವಾಪಸು ಬಂದರೆ ಅವರಿಗೊಂದು ಮೇಷ್ಟ್ರ ಕೆಲಸವಿತ್ತು. ಸೆಪ್ಟೆಂಬರಿಗೆ ಮುಗಿಯುವ ವೀಸಾ ಹಿಡಿದು, ತಂದೆಯ ಕೆಲಸ ನಿಂತಿರುವ ಮನೆಯ ಹುಡುಗನಿಗೆ ‘ನಿಮ್ಮ ಮಾತು ಸರಿಯಲ್ಲ ಸರ್’ ಎನ್ನು ಎಂದು ಶಿವಮೊಗ್ಗದಲ್ಲಿ ಕೂತು ಉಪದೇಶಿಸುವುದು ಸುಲಭ. ಆದರೆ ಇದರಿಂದ ಆ ಕೃತಜ್ಞತೆ ಸರಿಯಾಗುವುದಿಲ್ಲ, ಅದು ಎಂಥದ್ದೆಂದು ಇನ್ನೂ ಸ್ಪಷ್ಟವಾಗುತ್ತದೆ ಅಷ್ಟೆ. ಇಲ್ಲ ಎನ್ನುವ ಸ್ವಾತಂತ್ರ್ಯವಿಲ್ಲದವನು ಹೇಳುವ ಥ್ಯಾಂಕ್ಸು ಕೃತಜ್ಞತೆಯಲ್ಲ, ಬಾಡಿಗೆ.

ಇಷ್ಟೆಲ್ಲ ಬರೆಯುವ ನಾನು ಏನು ಮಾಡಿದ್ದೇನೆ? ನನ್ನ ಪ್ರಬಂಧದ ಮೂರನೇ ಅಧ್ಯಾಯ ಇನ್ನೂ ಮುಗಿದಿಲ್ಲ, ಕೃತಜ್ಞತೆಯ ಪುಟ ಮಾತ್ರ ಎಂದೋ ಸಿದ್ಧ. ಸಂಶೋಧನೆ ಮಾಡುವವರೆಲ್ಲ ಹೀಗೇ, ನಂಬಿ. ತೆಗೆದು ನೋಡಿದೆ. ಮೊದಲ ಪ್ಯಾರಾ ಮಾರ್ಗದರ್ಶಕರಿಗೆ, ಎರಡನೆಯದು ವಿಭಾಗದ ಮುಖ್ಯಸ್ಥರಿಗೆ, ಮೂರನೆಯದು ನಾನು ಎರಡೇ ಸಲ ಇಮೇಲ್ ಬರೆದಿರುವ, ಒಂದು ಸಲ ಉತ್ತರ ಬಂದಿರುವ ಹೊರದೇಶದ ವಿದ್ವಾಂಸರೊಬ್ಬರಿಗೆ. ಅವರ ಹೆಸರಿನ ಹಿಂದೆ ಮೂರು ವಿಶೇಷಣಗಳಿವೆ. ಎರಡು ವರ್ಷ ನನಗೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ದೂಳು ಒರೆಸಿ ತಂದುಕೊಟ್ಟ ಗ್ರಂಥಾಲಯದ ಅಟೆಂಡರ್ ಎಲ್ಲೂ ಇಲ್ಲ. ತಮ್ಮನಿಗೆ ಬೈದ ರಾತ್ರಿಯೇ ಅವರ ಹೆಸರು ಸೇರಿಸಿದೆ. ಹೊರದೇಶದವರ ಪ್ಯಾರಾವನ್ನು ತೆಗೆಯಲು ಕೈ ಬರಲಿಲ್ಲ. ಪರೀಕ್ಷಕರಾಗಿ ಅವರೇ ಬಂದರೆ ಎಂಬ ಆಸೆ ಇದೆ. ಸುಳ್ಳು ಯಾಕೆ ಹೇಳಲಿ.

ಅನುವಾದ ಮುಗಿಸಿ ಕಳಿಸಿದ್ದೇನೆ. ಪ್ರೊಫೆಸರಿಗೆ ಹೇಳಿದ ಒಂದು ಮಾತನ್ನೂ ಕಡಿಮೆ ಮಾಡಿಲ್ಲ, ಅದು ನನ್ನ ಹಕ್ಕಲ್ಲ. ‘ಬೆಂಗಳೂರಿನ ಹತ್ತಿರದ ಒಂದು ಕಾರ್ಖಾನೆ ಊರು’ ಇದ್ದಲ್ಲಿ ‘ಭದ್ರಾವತಿ’ ಎಂದು ಹಾಕಿದ್ದೇನೆ. ಕನ್ನಡ ಓದುವವರಿಗೆ ಊರಿನ ಹೆಸರು ಹೇಳಲು ಏನು ಅಡ್ಡಿ ಎಂದು ಕೇಳಿದೆ, ಒಪ್ಪಿದ. ಕೊನೆಯಲ್ಲಿ ಒಂದು ಸಾಲು ಸೇರಿಸೋಣ, ಕನ್ನಡದಲ್ಲಿ ಮಾತ್ರ ಇರಲಿ, ಅವರಿಗೆ ಓದಲು ಬರುವುದಿಲ್ಲವಲ್ಲ ಎಂದದ್ದು ಅವನೇ. ಬೋರ್ಡ್ ಮೇಷ್ಟ್ರ ಹೆಸರಿನ ಸಾಲು. ಆ ಸಾಲಿನಲ್ಲಿ ಈಗ ಒಂದು ಖಾಲಿ ಜಾಗ ಬಿಟ್ಟಿದ್ದೇನೆ. ಏಳು ಬೇಸಿಗೆ ಅವರ ಅಂಗಡಿಯಲ್ಲಿ ಕಳೆದವನಿಗೂ ಅವರ ಪೂರ್ತಿ ಹೆಸರು ಗೊತ್ತಿಲ್ಲ. ಊರಿಗೆಲ್ಲ ಹೆಸರು ಬರೆದುಕೊಟ್ಟವರು ತಮ್ಮ ಅಂಗಡಿಗೆ ಬೋರ್ಡ್ ಹಾಕಿಕೊಂಡಿರಲಿಲ್ಲ. ಪ್ರೆಸ್ಸಿಗೆ ಹೋಗುವುದು ಮುಂದಿನ ಬುಧವಾರ. ಭಾನುವಾರ ಭದ್ರಾವತಿಗೆ ಹೋಗಿ ಅವರ ಮಗಳ ಮನೆ ಹುಡುಕಬೇಕು.